ಎಣಿಸಿದ್ದೆಲ್ಲ ದೋಣಿ ಅಲ್ಲ

ಕೇಳುಗರಿಗೆ ನಮಸ್ಕಾರ. ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆ ಊಟ ಮುಗಿಸಿ ರೇಡಿಯೋ ಹಾಕಿ ಕೂತವರಿಗೆ ಇವತ್ತು ಒಂದೇ ಮಾತು ಹೇಳುತ್ತೇನೆ. ಆಂಡ್ರೊಮಿಡಾ ದಿಕ್ಕಿನಲ್ಲಿ ಕಂಡದ್ದೆಲ್ಲ ಆಂಡ್ರೊಮಿಡಾದ್ದಲ್ಲ.

ಆಂಡ್ರೊಮಿಡಾ ನಮ್ಮ ನೆರೆಮನೆಯ ಗ್ಯಾಲಕ್ಸಿ. ನೆರೆಮನೆ ಅಂದರೂ ಅಲ್ಲಿಂದ ಬೆಳಕು ಬಂದು ಮುಟ್ಟಲು 25 ಲಕ್ಷ ವರ್ಷ ಬೇಕು! ನವೆಂಬರ್ ರಾತ್ರಿ ಒಂಬತ್ತರ ಹೊತ್ತಿಗೆ ಕರೆಂಟು ಹೋದರೆ, ಹೋಗದೆ ಇರುತ್ತದಾ, ಅಂಗಳಕ್ಕೆ ಬಂದು ನೆತ್ತಿಯಿಂದ ಸ್ವಲ್ಪ ಬಡಗು ಕಡೆ ನೋಡಿ. ಸುಣ್ಣದ ಕೈ ಒರೆಸಿದ ಹಾಗೆ ಒಂದು ಮಸುಕು ಕಲೆ ಕಾಣುತ್ತದೆ. ಎಕ್ಸ್-ರೇಯಲ್ಲಿ ನೋಡಿದರೆ ಅಲ್ಲೇ ನೂರಾರು ಚುಕ್ಕೆಗಳು. ಆ ಎಕ್ಸ್-ರೇ ನಮ್ಮ ಗಾಳಿ ದಾಟಿ ಕೆಳಗೆ ಇಳಿಯುವುದಿಲ್ಲ, ಅದಕ್ಕೇ 1999ರಲ್ಲಿ ಚಂದ್ರಾ ದೂರದರ್ಶಕವನ್ನು ಮೇಲಕ್ಕೇ ಕಳಿಸಿದರು. ಹೌದು, ನಮ್ಮ ಖಗೋಳ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರೇ.

ಚುಕ್ಕೆ ಯಾವುದರದ್ದು ಅಂತ ಪತ್ತೆ ಮಾಡುವುದು ನನಗೆ ಸರಿಯಾಗಿ ತಲೆಗೆ ಹೋದದ್ದು ಕಣ್ವತೀರ್ಥದ ಕಡಲ ಕರೆಯಲ್ಲಿ. ಮಕ್ಕಳಿಗೆ ನಕ್ಷತ್ರ ತೋರಿಸಲು ಹೋಗಿದ್ದೆ, ಮೋಡ ಮುಚ್ಚಿತು, ಸುಮ್ನೆ ಕೂರುವುದು ಯಾಕೆ ಅಂತ ಕಡಲಿನ ದೀಪ ಎಣಿಸಿ ಎಂದೆ. 17 ದೋಣಿ ಸಾರ್, ಎಂದು ಕೂಗಿದರು. ಪಕ್ಕದಲ್ಲಿ ಬೀಡಿ ಸೇದುತ್ತಾ ಕೂತಿದ್ದ ಅಜ್ಜ ಒಬ್ಬರು ನಕ್ಕೇ ಬಿಟ್ಟರು. "ಮಾಷ್ಟ್ರೇ, ದೋಣಿಯ ದೀಪ ಅಲೆಗೆ ಏಳ್ತದೆ, ಬೀಳ್ತದೆ. ಆ ಬಿಳಿ ದೀಪ ಅಲ್ಲಾಡುವುದೇ ಇಲ್ಲ, ಅದು ಹಡಗು, ತುಂಬಾ ಆಚೆ. ಇಕೊಳ್ಳಿ, ಇದು ಗಾಳಿಮರದಲ್ಲಿ ಕೂತ ಮಿಂಚುಹುಳ." ಮಿಂಚುಹುಳವನ್ನೂ ಲೆಕ್ಕಕ್ಕೆ ಹಿಡಿದಿದ್ದರು ನಮ್ಮವರು! ಕೊನೆಗೆ ದೋಣಿ ಅಂತ ಉಳಿದದ್ದು 15.

ಖಗೋಳದವರೂ ಅಜ್ಜನ ಕೆಲಸವನ್ನೇ ಮಾಡುತ್ತಾರೆ. ಚುಕ್ಕೆಯ ಬಣ್ಣ ನೋಡುತ್ತಾರೆ, ಏರಿಳಿತ ನೋಡುತ್ತಾರೆ, ಅದೇ ಜಾಗವನ್ನು ಮಾಮೂಲಿ ದೂರದರ್ಶಕದಲ್ಲೂ ನೋಡುತ್ತಾರೆ. ಆಂಡ್ರೊಮಿಡಾದ ಹಿಂದೆ ಎಷ್ಟೋ ದೂರದಲ್ಲಿ ಕ್ವೇಸಾರ್, ಅಂದರೆ ಬೇರೊಂದು ಗ್ಯಾಲಕ್ಸಿಯ ಧಗಧಗ ಹೊಳೆಯುವ ನಡು, ಇದ್ದರೆ ಅದು ಹಡಗು. ನಮ್ಮದೇ ಗ್ಯಾಲಕ್ಸಿಯ ನಕ್ಷತ್ರ ಅಡ್ಡ ಬಂದರೆ ಮಿಂಚುಹುಳ. ಎರಡನ್ನೂ ತೆಗೆಯಿರಿ, ಆಮೇಲೆ ಎಣಿಸಿ. ಕಂಡದ್ದೆಲ್ಲ ಅಲ್ಲಿಯದ್ದಲ್ಲ ಅಂತ ಆಗಲೇ ಹೇಳಿದೆ ಅಲ್ವಾ?

ಉಳಿದವುಗಳಲ್ಲಿ ಜಾಸ್ತಿ ಇರುವುದು ಜೋಡಿಗಳು. ನ್ಯೂಟ್ರಾನ್ ನಕ್ಷತ್ರವೋ, ಅಂದರೆ ಸಿಡಿದ ದೊಡ್ಡ ನಕ್ಷತ್ರದ ಒತ್ತಿಹೋದ ತಿರುಳೋ, ಕಪ್ಪುಕುಳಿಯೋ ಪಕ್ಕದ ನಕ್ಷತ್ರದ ಅನಿಲ ಎಳೆದುಕೊಳ್ಳುತ್ತದೆ, ಬೀಳುವ ಅನಿಲ ಕಾದು ಎಕ್ಸ್-ರೇ ಕಾರುತ್ತದೆ. ಸಿಡಿದ ನಕ್ಷತ್ರಗಳ ಅವಶೇಷವೂ ಇವೆ, ಮೈಮೇಲೆ ಸ್ಫೋಟ ಆಗಿ ಒಮ್ಮೆಲೇ ಹೊಳೆಯುವ ನಕ್ಷತ್ರಗಳು, ಅಂದರೆ ನೋವಾಗಳೂ ಇವೆ, ಅವುಗಳದ್ದು ಮೆತ್ತನೆಯ, ಅಂದರೆ ಕಡಿಮೆ ಶಕ್ತಿಯ ಎಕ್ಸ್-ರೇ. ಅದರ ಕಥೆ ದೊಡ್ಡದು, ಆದರೆ ಗಾಜಿನ ಆಚೆಯಿಂದ ಆಗಲೇ ಎರಡು ಸಲ ಕೈ ಬೀಸಿದರು. ಅಜ್ಜನ ಕಥೆ ಸ್ವಲ್ಪ ಉದ್ದ ಆಯಿತು ಅಂತ ಕಾಣುತ್ತದೆ. ನಮಸ್ಕಾರ.