ಕೂಗಿದರೆ ಗಾಡಿ ತಿರುಗಿ ನೋಡಬೇಕು

ಕೇಳುಗರಿಗೆ ನಮಸ್ಕಾರ. ಒಲೆಯ ಮೇಲೆ ಕುಕ್ಕರ್ ಇಟ್ಟು ಕೇಳುತ್ತಿರುವವರಿಗೆ, ಕೋಲಾರದ ಮಂಡಿಗೆ ಟೊಮೆಟೊ ಹೇರಿಕೊಂಡು ಹೊರಟವರಿಗೆ, ಮಾಲೂರಿನಿಂದ ಬೆಂಗಳೂರಿಗೆ ದಿನಾ ಓಡಾಡುವ ಪಾಸಿನವರಿಗೆ, ಎಲ್ಲರಿಗೂ ನಮಸ್ಕಾರ.

ಇವತ್ತು ನನಗೆ ಕೊಟ್ಟಿರುವ ವಿಷಯ, ಹೊಸ ಎಕ್ಸ್‌ಪ್ರೆಸ್ ರೈಲುಗಳಿಗೆ ಏನು ಹೆಸರಿಡಬೇಕು ಅಂತ. ಒಂದು ಗಾಡಿಗಲ್ಲ. ಒಂದೇ ಬಣ್ಣದ, ಒಂದೇ ತರಹದ ಗಾಡಿಗಳು ಸಾಲಾಗಿ ಬರುತ್ತವಲ್ಲ, ಆ ಇಡೀ ಬಳಗಕ್ಕೆ. ನಾನು ಭಾಷೆ ಗೀಷೆ ಅಂತ ದೊಡ್ಡದಾಗಿ ಓದಿದವನಲ್ಲ. ಬಂಗಾರಪೇಟೆ ಜಂಕ್ಷನ್‌ನಲ್ಲಿ ಬಹಳ ವರ್ಷ ವಿಚಾರಣೆ ಕಿಟಕಿಯಲ್ಲಿ ಕೂತವನು, ಮೈಕಿನಲ್ಲಿ ಕೂಗಿದವನು. ಹೆಸರಿಡುವವರು ಅದನ್ನು ಕಾಗದದ ಮೇಲೆ ನೋಡುತ್ತಾರೆ. ನಾನು ಕಿವಿಯಿಂದ ಕೇಳಿದ್ದೇನೆ. ಅದಕ್ಕೇ ಒಂದೇ ಒಂದು ಮಾತು ಹೇಳುತ್ತೇನೆ. ಹೆಸರು ಕೂಗಲು ಬರಬೇಕು.

ಮಳೆ ಬರುತ್ತಿದೆ ಅಂತ ಇಟ್ಟುಕೊಳ್ಳಿ. ಪ್ಲಾಟ್‌ಫಾರಂನ ತಗಡಿನ ಮೇಲೆ ಒಂದೇ ಸದ್ದು. ಆ ಕಡೆ ಗೂಡ್ಸ್ ಗಾಡಿ ಹೋಗುತ್ತಿದೆ, ಮುಗಿಯುವ ಹಾಗೇ ಇಲ್ಲ. ಒಬ್ಬಾಕೆ ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ ಹಿಡಿದು ಓವರ್‌ಬ್ರಿಡ್ಜ್ ಮೇಲಿಂದ ಕೂಗುತ್ತಾಳೆ, "ಅಣ್ಣಾ, ಲಾಲ್‌ಬಾಗ್ ಹೋಯ್ತಾ?" ನಾನು, "ಇಲ್ಲಮ್ಮ, ಬಾ ಬಾ!" ಅಷ್ಟೇ. ಆಕೆ 12608 ಅಂತ ಕೇಳಲಿಲ್ಲ. ಸೂಪರ್‌ಫಾಸ್ಟ್ ಅನ್ನಲಿಲ್ಲ. ಲಾಲ್‌ಬಾಗ್ ಅಂದಳು, ಗಾಡಿ ಸಿಕ್ಕಿತು. ಹೆಸರಿನ ಕೆಲಸ ಅದು. ಮಿಕ್ಕಿದ್ದೆಲ್ಲ ಉದ್ಘಾಟನೆಯ ದಿನದ ಹೂವಿನ ಹಾರ.

ಜನರ ನಾಲಿಗೆಗೆ ಒಗ್ಗದ ಹೆಸರನ್ನು ಜನ ಇಟ್ಟುಕೊಳ್ಳುವುದಿಲ್ಲ. ನಮ್ಮೂರನ್ನೇ ನೋಡಿ. ಲೆವಿನ್ ಬೌರಿಂಗ್ ಅಂತ ಒಬ್ಬರು 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದರು. ಅವರ ಹೆಸರಿನಲ್ಲಿ ಊರು ಬೌರಿಂಗ್‌ಪೇಟೆ ಆಯಿತು. ನಮ್ಮವರ ಬಾಯಿಗೆ ಬೌರಿಂಗ್ ಎಲ್ಲಿ ಬರಬೇಕು? ಪಕ್ಕದಲ್ಲೇ ಚಿನ್ನದ ಗಣಿ ಬೇರೆ. ಬೌರಿಂಗ್ ಹೋಗಿ ಬಂಗಾರ ಬಂತು, ಊರು ಬಂಗಾರಪೇಟೆ. ರೈಲ್ವೆಯ ಲೆಕ್ಕದಲ್ಲಿ ಮಾತ್ರ ಇವತ್ತಿಗೂ ಸ್ಟೇಷನ್ನಿನ ಕೋಡು ಬಿ ಡಬ್ಲ್ಯು ಟಿ. ಪಾಪ, ಬೌರಿಂಗ್ ಸಾಹೇಬರು ಟಿಕೆಟ್ಟಿನ ಮೇಲೆ ಮೂರು ಅಕ್ಷರವಾಗಿ ಉಳಿದರು.

ಇನ್ನೊಂದು. ನಮ್ಮ ಜಿಲ್ಲೆಯ ಟಿಕೆಟ್ ಕಿಟಕಿ ಒಂದು ಒಳ್ಳೆಯ ಪರೀಕ್ಷೆ. ಒಬ್ಬರು ಕನ್ನಡದಲ್ಲಿ ಕೇಳುತ್ತಾರೆ. ಅವರ ಹಿಂದೆ ಮುಳಬಾಗಿಲಿನ ಕಡೆಯವರು ತೆಲುಗಿನಲ್ಲಿ. ಅವರ ಹಿಂದೆ ಕೆಜಿಎಫ್‌ನವರು ತಮಿಳಿನಲ್ಲಿ. ತಮಿಳಿನಲ್ಲಿ ಪ, ಫ, ಬ, ಭ ನಾಲ್ಕಕ್ಕೂ ಇರುವುದು ಒಂದೇ ಅಕ್ಷರ. ಮಹಾಪ್ರಾಣ ಅನ್ನುವುದು ನಮ್ಮ ಕನ್ನಡದವರ ಬಾಯಲ್ಲಾದರೂ ಎಲ್ಲಿದೆ? ಹೊಟ್ಟೆಯಿಂದ ಉಸಿರು ತೆಗೆದು 'ಭಾರತ್' ಅನ್ನುವವರನ್ನು ನಾನು ನೋಡಿದ್ದು ರೇಡಿಯೋ ಸ್ಟೇಷನ್ನಿನಲ್ಲಿ ಮಾತ್ರ. ಈ ಮೂರು ಬಾಯಿಯಲ್ಲೂ ಸಲೀಸಾಗಿ ಬರುವ ಹೆಸರು ದೇಶದಲ್ಲಿ ಎಲ್ಲಿಗೆ ಹೋದರೂ ಬರುತ್ತದೆ.

ರಾಜಧಾನಿ 1969ರಲ್ಲಿ ಬಂತು. ದೆಹಲಿಗೆ ಹೋಗುವ ಗಾಡಿ, ಅದಕ್ಕೆ ರಾಜಧಾನಿ. ಮುಗಿಯಿತು. ಶತಾಬ್ದಿ ಬಂದಿದ್ದು 1988ರಲ್ಲಿ, ನೆಹರೂ ಅವರ ಜನ್ಮಶತಾಬ್ದಿಗೆ ಅಂತ. ಆ ಕಾರಣ ಈಗ ಯಾರಿಗೂ ನೆನಪಿಲ್ಲ, ಆದರೂ ಹೆಸರು ನಿಂತಿದೆ. ಯಾಕೆ? ಕೂಗಲು ಬರುತ್ತದೆ. ವಂದೇ ಭಾರತ್‌ಗೆ ಮೊದಲಿದ್ದ ಹೆಸರು ಟ್ರೈನ್ 18. 2018ರಲ್ಲಿ ಚೆನ್ನೈನ ಪೆರಂಬೂರು ಕಾರ್ಖಾನೆಯಿಂದ ಹೊರಬಂದ ಗಾಡಿ, ಅದಕ್ಕೆ ಹದಿನೆಂಟು. 2019ರ ಫೆಬ್ರವರಿಯಲ್ಲಿ ದೆಹಲಿಯಿಂದ ವಾರಾಣಸಿಗೆ ಹೊರಡುವ ಹೊತ್ತಿಗೆ ಹೆಸರು ಬದಲಾಯಿಸಿದ್ದರು. ಒಳ್ಳೆಯದಾಯಿತು. ಇಲ್ಲದಿದ್ದರೆ ನಮ್ಮ ಜನ ಹದಿನೆಂಟನೇ ಪ್ಲಾಟ್‌ಫಾರಂ ಹುಡುಕಿಕೊಂಡು ಅಲೆಯುತ್ತಿದ್ದರು.

ಈಗ ನಮ್ಮ ಸೋದರತ್ತೆಯ ಕಥೆ ಹೇಳಲೇಬೇಕು.

ಒಂದು ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ಮಾಲೂರಿನ ಹತ್ತಿರ ಹಳ್ಳಿ. ಅತ್ತೆಯ ಮಗನಿಗೆ ಕಲ್ಕತ್ತದಲ್ಲಿ ಕೆಲಸ. ಅಲ್ಲಿ ಅವನಿಗೆ ಗಂಡು ಮಗು ಆಯಿತು. ನಾಮಕರಣಕ್ಕೆ ಅಜ್ಜಿ ಹೋಗದಿದ್ದರೆ ಆಗುತ್ತದಾ? ರೈಲ್ವೆಯವನು ನಾನೇ, ಟಿಕೆಟ್ ಮಾಡಿಸಿದೆ. ಯಶವಂತಪುರದಿಂದ ಹೌರಾಕ್ಕೆ, ಹೊಸ ಗಾಡಿ. ದಾರಿಯಲ್ಲಿ ಊರೂರಿಗೆ ನಿಲ್ಲುವುದಿಲ್ಲ, ಮರುದಿನ ಸಂಜೆಗೆ ಊರು ಸೇರಿಸುತ್ತದೆ. ಅತ್ತೆ ರವೆ ಉಂಡೆ ಕಟ್ಟಿದರು, ಚಕ್ಕುಲಿ ಡಬ್ಬ ತುಂಬಿಸಿದರು, ಮಗುವಿಗೆ ಬೆಳ್ಳಿ ಉಡಿದಾರ ಮಾಡಿಸಿದರು. ಎಲ್ಲ ಸರಿಯಾಗಿತ್ತು. ಯಶವಂತಪುರದಲ್ಲಿ ಮೈಕು ಬಾಯಿ ಬಿಟ್ಟಿತು. "ದುರಂತೋ ಎಕ್ಸ್‌ಪ್ರೆಸ್..."

ಅತ್ತೆ ಚೀಲ ಕೆಳಗಿಟ್ಟರು. "ಏನಂದ ಅವನು?"

ನಾನು ಮಾತು ತೇಲಿಸಿದೆ. "ಹೌರಾ ಗಾಡಿ ಅಂದ ಅತ್ತೆ, ಬನ್ನಿ."

"ದುರಂತ ಅಂದ. ನಂಗೇನು ಕಿವಿ ಕೇಳಲ್ವಾ?"

ನನಗೆ ಬೇರೆ ದಾರಿ ಇರಲಿಲ್ಲ. ಅಲ್ಲೇ ಪ್ಲಾಟ್‌ಫಾರಂನಲ್ಲಿ ಪಾಠ ಶುರು ಮಾಡಿದೆ. ಅತ್ತೆ, 2009ರಲ್ಲಿ ಮಮತಾ ಬ್ಯಾನರ್ಜಿ ಅಂತ ರೈಲ್ವೆ ಮಂತ್ರಿ ಇದ್ದರು, ಬಂಗಾಳದವರು, ಆಗ ಇಟ್ಟ ಹೆಸರು. ನಮ್ಮ ದುರಂತವೇ ಅವರದೂ, ಬರೆಯುವ ಅಕ್ಷರ ಒಂದೇ. ಕೊನೆಯ ಅಕಾರವನ್ನು ಅವರು ಓ ಅಂತ ಉರುಳಿಸುತ್ತಾರೆ. ಆದರೆ ಅರ್ಥ ಬೇರೆ. ಒಂದು ಕಡೆ ಕೂರದೆ ಓಡಾಡುವ ತುಂಟ ಹುಡುಗ ಇರುತ್ತಾನಲ್ಲ, ಅವನನ್ನು ಅವರು ದುರಂತ ಅಂತಾರೆ. ನಿಲ್ಲದೆ ಓಡುವ ಗಾಡಿ, ಅದಕ್ಕೆ ಆ ಹೆಸರು.

ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಹಂಗಾದ್ರೆ ತುಂಟ ಅಂತಾನೇ ಬರೀಬೇಕಿತ್ತು. ಹೆಸರಿಡೋ ಶಾಸ್ತ್ರಕ್ಕೆ ಹೊರಟಿದೀನಿ, ದುರಂತದಲ್ಲಿ ಕೂತ್ಕೊಂಡು ಹೋಗ್ಲಾ?" ಅಂದರು. ಹೇಳಿ, ಏನು ಉತ್ತರ ಕೊಡುವುದು? ಗಾಡಿ ಹೊರಡಲು ಐದು ನಿಮಿಷ. ಅತ್ತೆ ಕಂಬಕ್ಕೆ ಒರಗಿ ಕೂತೇ ಬಿಟ್ಟರು. ಕೊನೆಗೆ ಅದೇ ಬೋಗಿಗೆ ಹತ್ತುತ್ತಿದ್ದ ಬಂಗಾಳಿ ಹೆಂಗಸೊಬ್ಬರು ಇವರ ಮುಖ ನೋಡಿ, ಏನು ಎತ್ತ ಅಂತ ಗೊತ್ತಿಲ್ಲದೆ, ಸುಮ್ನೆ ನಕ್ಕು ಚಕ್ಕುಲಿ ಡಬ್ಬ ಎತ್ತಿಕೊಂಡು ಒಳಗೆ ಇಟ್ಟರು. ಡಬ್ಬ ಹೋದ ಮೇಲೆ ಅತ್ತೆಯೂ ಹೋದರು. ಭಾಷೆಯಿಂದ ಆಗದ್ದು ಚಕ್ಕುಲಿಯಿಂದ ಆಯಿತು.

ಮಾರನೇ ದಿನ ರಾತ್ರಿ ಫೋನು. "ನಿನ್ನ ದುರಂತ ಸುಖವಾಗಿ ಮುಗೀತು ಕಣಪ್ಪ."

ಮಗುವಿಗೆ ಏನೋ ಆರು ಅಕ್ಷರದ ಹೆಸರಿಟ್ಟರು, ಕೇಳಿದರೆ ಹೋಮದ ಮಂತ್ರದ ಹಾಗಿದೆ. ಈಗ ಅವನು ಹೈಸ್ಕೂಲು. ಮನೆಯಲ್ಲಿ ಎಲ್ಲರೂ ಕರೆಯುವುದು ಗುಂಡ ಅಂತ. ಕೂಗಲು ಬರಬೇಕಲ್ಲ ಸ್ವಾಮಿ!

ಗಾಜಿನ ಆಚೆಯಿಂದ ನಿಲಯದವರು ಬೆರಳು ತೋರಿಸುತ್ತಿದ್ದಾರೆ, ಎರಡು ನಿಮಿಷವೋ ಏನೋ. ಇನ್ನೂ ಮೂರು ವಿಷಯ ಬರೆದುಕೊಂಡು ಬಂದಿದ್ದೆ. ಬೇಗ ಬೇಗ ಹೇಳುತ್ತೇನೆ.

ದೊಡ್ಡವರ ಹೆಸರು. 2022ರಲ್ಲಿ ಮೈಸೂರು ತಾಳಗುಪ್ಪ ಗಾಡಿಗೆ ಕುವೆಂಪು ಎಕ್ಸ್‌ಪ್ರೆಸ್ ಅಂತ ಹೆಸರಾಯಿತು. ಸಂತೋಷ. ರಾಣಿ ಚೆನ್ನಮ್ಮ ಇದೆ, ಬಸವ ಇದೆ. ಒಂದು ಗಾಡಿಗೆ ಸರಿ, ಬಳಗಕ್ಕೆ ಬೇಡ. ನಾನು ಕಿಟಕಿಯಲ್ಲಿ ಕೂತವನು, ನನಗೆ ಗೊತ್ತು. ಹೆಸರಿನ ಹಿಂದೆ ಜನ ಹಾಕುವ ಮಾತು ಯಾವುದು? ಲೇಟು, ರದ್ದು, ರಷ್ಷು. "ಚೆನ್ನಮ್ಮ ಒಂದು ಗಂಟೆ ಲೇಟು" ಅಂತ ದಿನಾ ಹೇಳಬೇಕಾದರೆ ಒಂಥರಾ ಆಗುತ್ತದೆ.

ಎರಡನೆಯದು, ಜನರನ್ನೇ ಕೇಳೋಣ, ಓಟು ಹಾಕಿಸೋಣ ಅನ್ನುತ್ತಾರೆ. 2017ರಲ್ಲಿ ಸ್ವೀಡನ್ನಿನಲ್ಲಿ ಸ್ಟಾಕ್‌ಹೋಮ್ ಮತ್ತು ಗೋಥೆನ್‌ಬರ್ಗ್ ನಡುವಿನ ಒಂದು ರೈಲಿಗೆ ಓಟು ಹಾಕಿಸಿದರು. ಗೆದ್ದ ಹೆಸರು, ತಡೀರಿ, ಚೀಟಿಯಲ್ಲಿದೆ, ಟ್ರೈನಿ ಮ್ಯಾಕ್‌ಟ್ರೈನ್‌ಫೇಸ್. ಒಂದು ದಿನ ನಗಬಹುದು. ಇಪ್ಪತ್ತು ವರ್ಷ ಮೈಕಿನಲ್ಲಿ ಅದನ್ನು ಹೇಳುವವನ ಗತಿ?

ಮೂರನೆಯದು ಜಪಾನು. ನನಗೆ ಜಾಸ್ತಿ ಇಷ್ಟವಾದದ್ದು ಇದೇ, ಇದಕ್ಕೇ ಸಮಯ ಇಲ್ಲ. 1964ರಲ್ಲಿ, ನಮ್ಮ ಬೃಂದಾವನ ಎಕ್ಸ್‌ಪ್ರೆಸ್ ಶುರುವಾದ ವರ್ಷವೇ, ಅವರು ಬುಲೆಟ್ ರೈಲು ಓಡಿಸಿದರು. ಬೇಗ ಹೋಗುವ ಗಾಡಿಗೆ ಹಿಕಾರಿ, ಅಂದರೆ ಬೆಳಕು. ನಿಂತು ನಿಂತು ಹೋಗುವುದಕ್ಕೆ ಕೊಡಾಮಾ, ಅಂದರೆ ಪ್ರತಿಧ್ವನಿ. ಬೆಳಕು ಮೊದಲು, ಸದ್ದು ಆಮೇಲೆ. ಯಾವುದು ಬೇಗ ಅಂತ ಮಗುವಿಗೂ ಗೊತ್ತಾಗುತ್ತದೆ. ಟೈಂಟೇಬಲ್ ಬೇಕೇ ಇಲ್ಲ!

ನಮ್ಮಲ್ಲಿ ಆ ಜೋಡಿ ಇಲ್ಲವಾ? ಮಿಂಚು, ಗುಡುಗು. ಬೇಗ ಹೋಗುವ ಗಾಡಿ ಮಿಂಚು, ನಿಂತು ಹೋಗುವುದು ಗುಡುಗು. ಎರಡರಲ್ಲೂ ಒಂದು ಮಹಾಪ್ರಾಣ ಇಲ್ಲ. ಮಿಂಚು ಅಂದರೆ ತೆಲುಗಿನಲ್ಲಿ ಮೀರಿಸು ಅಂತ, ತಮಿಳಿನ ಮಿಂಜು ಅನ್ನುವುದಕ್ಕೂ ಅದೇ ಅರ್ಥ. ಎಕ್ಸ್‌ಪ್ರೆಸ್ ಗಾಡಿಗೆ ಇನ್ನೇನು ಬೇಕು? ಓವರ್‌ಬ್ರಿಡ್ಜ್ ಮೇಲಿಂದ "ಅಣ್ಣಾ, ಮಿಂಚು ಬಂತಾ?" ಅಂತ ಕೂಗಿ ನೋಡಿ, ಮಳೆಯಲ್ಲೂ ಕೇಳಿಸುತ್ತದೆ.

ಇದನ್ನು ಅತ್ತೆಗೂ ಹೇಳಿದೆ. ಸಿಡಿಲು ಅಂತ ಮಾತ್ರ ಇಡಬೇಡಿ ಅಂದರು. ನನ್ನ ಜೊತೆ ಕೆಲಸ ಮಾಡಿದ ಗೆಳೆಯರೊಬ್ಬರು ಮಾತ್ರ ಒಪ್ಪಲಿಲ್ಲ. ಗಾಡಿ ತಪ್ಪಿಸಿಕೊಂಡವನು ವಿಚಾರಣೆ ಕಿಟಕಿಗೆ ಬಂದರೆ ಏನು ಹೇಳುತ್ತೀಯಾ ಅಂತ ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅವರೇ ಹೇಳಿಬಿಟ್ಟರು: "ಮಿಂಚಿ ಹೋದದ್ದಕ್ಕೆ ಚಿಂತಿಸಿ ಫಲವಿಲ್ಲ!"

ನಮಸ್ಕಾರ.