ಎಣಿಸುವ ಮೊದಲು ಕಣ್ಣಳತೆ

ಕೇಳುಗರಿಗೆ ನಮಸ್ಕಾರ.

ಮಾತಿಗೆ ಮೊದಲು ಒಂದು ಚಿಕ್ಕ ಆಟ. ನಾನೀಗ ಬೆರಳಿನಿಂದ ಮೇಜನ್ನು ತಟ್ಟುತ್ತೇನೆ. ನೀವು ಎಣಿಸಬಾರದು, ಸುಮ್ಮನೆ ಕೇಳಬೇಕು.

(ಮೂರು ಬಾರಿ ತಟ್ಟುವ ಸದ್ದು)

ಎಷ್ಟು? ಮೂರು. ಯಾರೂ ಯೋಚಿಸಬೇಕಾಗಲಿಲ್ಲ. ಇನ್ನೊಮ್ಮೆ ಕೇಳಿ.

(ಬೇಗಬೇಗ ಹದಿಮೂರು ಬಾರಿ ತಟ್ಟುವ ಸದ್ದು)

ಈಗ? ಕೆಲವರು ಹತ್ತು ಎಂದಿರಬಹುದು, ಕೆಲವರು ಹದಿನೈದು. ನಾಲ್ಕು ಎಂದವರು ಇರಲಿಕ್ಕಿಲ್ಲ, ಐವತ್ತು ಎಂದವರೂ ಇರಲಿಕ್ಕಿಲ್ಲ. ನಾನು ತಟ್ಟಿದ್ದು ಹದಿಮೂರು ಸಲ. ಎಣಿಸದೆಯೇ ನೀವು ಅದರ ಆಸುಪಾಸಿಗೆ ಬಂದು ನಿಂತಿರಿ. ಈ ಶಕ್ತಿಯನ್ನು ನಮಗೆ ಯಾವ ಮೇಷ್ಟರೂ ಕಲಿಸಿದ್ದಲ್ಲ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1871ರಲ್ಲಿ ಇದನ್ನು ತನ್ನ ಮೇಲೆಯೇ ಪರೀಕ್ಷಿಸಿಕೊಂಡ. ಕಾಳುಗಳನ್ನು ಒಂದು ಪೆಟ್ಟಿಗೆಯತ್ತ ಎಸೆಯುವುದು, ಒಳಗೆ ಬಿದ್ದದ್ದು ಎಷ್ಟೆಂದು ಒಂದೇ ನೋಟದಲ್ಲಿ ಹೇಳುವುದು, ಆಮೇಲೆ ಎಣಿಸಿ ನೋಡುವುದು. ಹೀಗೆ ಸಾವಿರಕ್ಕೂ ಹೆಚ್ಚು ಸಲ ಮಾಡಿದ. ಮೂರು, ನಾಲ್ಕು ಕಾಳು ಬಿದ್ದಾಗ ಒಮ್ಮೆಯೂ ತಪ್ಪಲಿಲ್ಲ. ಐದಕ್ಕೆ ಬಂದಾಗ ತಪ್ಪು ಶುರುವಾಯಿತು, ಸಂಖ್ಯೆ ದೊಡ್ಡದಾದಷ್ಟೂ ತಪ್ಪು ಹೆಚ್ಚಿತು. ಅಷ್ಟು ದೊಡ್ಡ ವಿದ್ವಾಂಸನ ಕಣ್ಣಿಗೂ ನಾಲ್ಕರ ಆಚೆ ಮಬ್ಬು.

ಆ ಮಬ್ಬು ಎಳೆಗೂಸುಗಳಿಗೂ ಉಂಟು. 2000ನೇ ಇಸವಿಯಲ್ಲಿ ಫೇ ಷೂ ಮತ್ತು ಎಲಿಜಬೆತ್ ಸ್ಪೆಲ್ಕಿ ಎಂಬ ಮನೋವಿಜ್ಞಾನಿಗಳು ಆರು ತಿಂಗಳ ಶಿಶುಗಳಿಗೆ ಚುಕ್ಕೆಗಳ ಚಿತ್ರ ತೋರಿಸಿದರು. ಎಂಟು ಚುಕ್ಕೆ ನೋಡಿ ನೋಡಿ ಬೇಸರಗೊಂಡ ಮಗು ಹದಿನಾರು ಚುಕ್ಕೆ ಬಂದಾಗ ಮತ್ತೆ ಕಣ್ಣರಳಿಸಿ ನೋಡಿತು. ಹನ್ನೆರಡು ಬಂದಾಗ ಮಾತ್ರ ಅದಕ್ಕೆ ಹೊಸತೇನೂ ಕಾಣಲಿಲ್ಲ. ದುಪ್ಪಟ್ಟಾದರೆ ತಿಳಿಯುತ್ತದೆ, ಒಂದೂವರೆ ಪಟ್ಟಾದರೆ ತಿಳಿಯುವುದಿಲ್ಲ. ಮುಂದೆ ತಿಂಗಳುಗಳು, ವರ್ಷಗಳು ಕಳೆದಂತೆ ಈ ಕಣ್ಣಳತೆ ಹರಿತವಾಗುತ್ತದೆ. ಆದರೆ ಅದರ ಸ್ವಭಾವ ಬದಲಾಗುವುದಿಲ್ಲ: ಅದು ನೋಡುವುದು ಎಷ್ಟು ಹೆಚ್ಚು ಎಂಬುದನ್ನಲ್ಲ, ಎಷ್ಟು ಪಟ್ಟು ಎಂಬುದನ್ನು.

ಇದು ನಮ್ಮ ಮಾತಿನೊಳಗೇ ಅಡಗಿ ಕೂತಿದೆ. ಒಂದೆರಡು ಎನ್ನುತ್ತೇವೆ, ನಾಲ್ಕೈದು ಎನ್ನುತ್ತೇವೆ. ದೊಡ್ಡದಕ್ಕೆ ಹೋದಂತೆ ಹತ್ತಿಪ್ಪತ್ತು, ನೂರಿನ್ನೂರು ಎನ್ನುತ್ತೇವೆ. ‘ನೂರೊಂದು ನೂರೆರಡು ಜನ ಬಂದಿದ್ದರು’ ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಒಂದಕ್ಕೂ ಎರಡಕ್ಕೂ ಇರುವ ಅಂತರ ಕೇವಲ ಒಂದು, ನೂರಕ್ಕೂ ಇನ್ನೂರಕ್ಕೂ ಇರುವ ಅಂತರ ಪೂರ್ತಿ ನೂರು. ಅಂದಾಜಿನ ಮನಸ್ಸಿಗೆ ಎರಡೂ ಒಂದೇ ಹೆಜ್ಜೆ. ಆರು ತಿಂಗಳ ಕೂಸಿನ ಗಣಿತವನ್ನು ನಾವು ದಿನವಿಡೀ ಆಡುತ್ತಿರುತ್ತೇವೆ.

ಇನ್ನು ಎಣಿಕೆಯ ವಿಷಯ. ಇದು ಬೇರೆಯದೇ ದಾರಿ, ಮತ್ತು ನಾವು ದೊಡ್ಡವರು ತಿಳಿದುಕೊಂಡಷ್ಟು ಸುಲಭದ ದಾರಿಯಲ್ಲ.

ಮೂರು ವರ್ಷದ ಒಂದು ಹುಡುಗಿಯ ಮುಂದೆ ನಾನೊಮ್ಮೆ ಐದು ಅಂಗಿಗುಂಡಿಗಳನ್ನು ಸಾಲಾಗಿ ಇಟ್ಟೆ. ಒಂದೊಂದನ್ನೂ ಮುಟ್ಟುತ್ತಾ ‘ಒಂದು, ಎರಡು, ಮೂರು, ನಾಲ್ಕು, ಐದು’ ಎಂದಳು. ಭೇಷ್ ಎನ್ನುವಂತಿತ್ತು. ‘ಹಾಗಾದರೆ ಎಷ್ಟು ಗುಂಡಿ ಇವೆ, ಪುಟ್ಟಿ?’ ಎಂದೆ. ನನ್ನ ಮುಖವನ್ನೊಮ್ಮೆ ನೋಡಿ ಮತ್ತೆ ಮೊದಲ ಗುಂಡಿಯ ಮೇಲೆ ಬೆರಳಿಟ್ಟಳು: ‘ಒಂದು, ಎರಡು, ಮೂರು...’ ಮತ್ತೆ ಕೇಳಿದೆ, ಮತ್ತೆ ಎಣಿಸಿದಳು. ಅವಳ ಪಾಲಿಗೆ ‘ಎಷ್ಟು’ ಎಂದರೆ ‘ಎಣಿಸು’ ಎಂಬ ಅಪ್ಪಣೆ, ಅಷ್ಟೇ. ಕೊನೆಗೆ ಹೇಳಿದ ‘ಐದು’ ಆ ಕೊನೆಯ ಗುಂಡಿಯ ಹೆಸರಲ್ಲ, ಇಡೀ ಗುಂಪಿನ ಅಳತೆ ಎಂಬುದು ಅವಳಿಗಿನ್ನೂ ಹೊಳೆದಿರಲಿಲ್ಲ. ‘ನನಗೆ ನಾಲ್ಕು ಕೊಡು’ ಎಂದಾಗ ಒಂದು ಹಿಡಿ ಬಾಚಿ ಕೊಟ್ಟಳು. ‘ಎರಡು ಕೊಡು’ ಎಂದಾಗ ಸರಿಯಾಗಿ ಎರಡೇ ಕೊಟ್ಟಳು.

ಇದು ಅವಳೊಬ್ಬಳ ಕಥೆಯಲ್ಲ. ‘ಇಷ್ಟು ಕೊಡು’ ಎಂಬ ಇದೇ ಆಟದಿಂದ ಮನೋವಿಜ್ಞಾನಿ ಕ್ಯಾರೆನ್ ವಿನ್ 1990ರ ಸುಮಾರಿಗೆ ತೋರಿಸಿಕೊಟ್ಟದ್ದು ಹೀಗೆ: ಮಗು ಮೊದಲು ಒಂದರ ಅರ್ಥ ಹಿಡಿಯುತ್ತದೆ, ತಿಂಗಳುಗಳ ನಂತರ ಎರಡರದ್ದು, ಮತ್ತೂ ಕಾದ ಮೇಲೆ ಮೂರರದ್ದು. ಆಮೇಲೆ ಒಂದು ದಿನ, ಎಣಿಸಿದರೆ ಎಷ್ಟು ಬೇಕಾದರೂ ಕೊಡಬಹುದು ಎಂಬ ಗುಟ್ಟು ಬಯಲಾಗುತ್ತದೆ. ಹತ್ತರವರೆಗೆ ಗಿಳಿಪಾಠ ಒಪ್ಪಿಸುವುದಕ್ಕೂ ಈ ದಿನಕ್ಕೂ ನಡುವೆ ಒಂದು ವರ್ಷವೇ ಕಳೆಯಬಹುದು. ಬಂದವರ ಎದುರು ಮಗುವಿನಿಂದ ನೂರರವರೆಗೆ ಹೇಳಿಸಿ ಹೆಮ್ಮೆಪಡುವವರು ಇದನ್ನು ನೆನಪಿಡಬೇಕು. ಹೇಳಿಸಬಾರದು ಎಂದು ನಾನು ಹೇಳುತ್ತಿಲ್ಲ, ಅದೂ ಬೇಕು.

ಎಣಿಕೆಯ ಮಾತಿನಲ್ಲಿ ಮಕ್ಕಳು ಮಾಡುವ ತಪ್ಪುಗಳೂ ಸ್ವಾರಸ್ಯದವು. ಮೂವತ್ತೊಂಬತ್ತು ಆದ ಮೇಲೆ ‘ಮೂವತ್ಹತ್ತು’ ಎನ್ನುವ ಮಗು ಯಾರ ಬಾಯಿಂದಲೂ ಆ ಪದ ಕೇಳಿರುವುದಿಲ್ಲ. ತಾನೇ ಕಂಡುಕೊಂಡ ನಿಯಮವನ್ನು ಒಂದು ಹೆಜ್ಜೆ ಹೆಚ್ಚು ನಡೆಸಿದೆ, ಅಷ್ಟೆ. ನೂರಮೂರು ಬರೆ ಎಂದರೆ ನೂರು ಬರೆದು ಪಕ್ಕದಲ್ಲಿ ಮೂರು ಬರೆಯುತ್ತದೆ: 1003. ಕಿವಿಗೆ ಕೇಳಿದ್ದನ್ನು ಕೈ ನಿಷ್ಠೆಯಿಂದ ಬರೆದಿದೆ. ಸ್ಥಾನಬೆಲೆ ಎಂಬುದು ಬಾಯಿಮಾತಿನಲ್ಲಿಲ್ಲ, ಬರಹದಲ್ಲಿ ಮಾತ್ರ ಇದೆ ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು? ಇಂಥ ತಪ್ಪಿಗೆ ಕೆಂಪು ಗೆರೆ ಎಳೆಯುವ ಮೊದಲು ಒಂದು ಕ್ಷಣ ನಿಂತು ನೋಡುವುದು ಒಳ್ಳೆಯದು.

ಕೂಡುವ ಲೆಕ್ಕದಲ್ಲಂತೂ ಮಕ್ಕಳು ನಮ್ಮನ್ನು ಕೇಳುವುದೇ ಇಲ್ಲ. ಎರಡು ಮತ್ತು ಆರು ಕೂಡಿಸಲು ನಾವು ಕಲಿಸುವ ಕ್ರಮ: ಎರಡು ಬೆರಳು ಮಡಿಸು, ಆರು ಬೆರಳು ಮಡಿಸು, ಎಲ್ಲವನ್ನೂ ಒಂದರಿಂದ ಎಣಿಸು. 1977ರಲ್ಲಿ ಗೈ ಗ್ರೋನ್ ಮತ್ತು ಲಾರೆನ್ ರೆಸ್ನಿಕ್ ಎಂಬ ಸಂಶೋಧಕರು ಶಾಲೆಗೆ ಸೇರದ ಪುಟಾಣಿಗಳಿಗೆ ಈ ಬಗೆಯ ಕ್ರಮವನ್ನಷ್ಟೇ ಕಲಿಸಿ ವಾರಗಟ್ಟಲೆ ಅಭ್ಯಾಸ ಮಾಡಿಸಿದರು. ಅವರಲ್ಲಿ ಅರ್ಧದಷ್ಟು ಮಕ್ಕಳು ಯಾರೂ ಹೇಳಿಕೊಡದೆ ಬೇರೆ ದಾರಿ ಹಿಡಿದಿದ್ದರು: ದೊಡ್ಡದಾದ ಆರನ್ನು ಮನಸ್ಸಿನಲ್ಲಿಟ್ಟುಕೊಂಡು ‘ಏಳು, ಎಂಟು’ ಎಂದು ಮುಗಿಸುವುದು. ಯೋಚಿಸಿ ನೋಡಿ, ಎರಡಕ್ಕೆ ಆರು ಸೇರಿಸಿದರೂ ಆರಕ್ಕೆ ಎರಡು ಸೇರಿಸಿದರೂ ಒಂದೇ ಎಂಬುದು ಅದರೊಳಗಿದೆ. ಹಾಗೆಂದು ಹೊಸ ದಾರಿ ಸಿಕ್ಕಿದೊಡನೆ ಹಳೆಯದನ್ನು ಬಿಡುತ್ತಾರೆಯೇ? ಇಲ್ಲ. ಮನೋವಿಜ್ಞಾನಿ ರಾಬರ್ಟ್ ಸೀಗ್ಲರ್ ವರ್ಷಗಟ್ಟಲೆ ಗಮನಿಸಿ ಹೇಳಿದ್ದು ಇದನ್ನೇ: ಒಂದೇ ಮಗು ಒಂದೇ ಲೆಕ್ಕವನ್ನು ಇಂದು ಬೆರಳಿನಲ್ಲಿ ಮಾಡುತ್ತದೆ, ನಾಳೆ ನೆನಪಿನಿಂದ ಹೇಳುತ್ತದೆ, ನಾಡಿದ್ದು ಮತ್ತೆ ಬೆರಳಿಗೆ ಮರಳುತ್ತದೆ. ಬೆರಳು ಮಡಿಸುವ ಮಗುವಿನ ಕೈ ಹಿಡಿದು ನಿಲ್ಲಿಸುವುದು, ನನ್ನ ದೃಷ್ಟಿಯಲ್ಲಿ, ಏಣಿ ಹತ್ತುತ್ತಿರುವವರ ಕಾಲೆಳೆದಂತೆ.

ಈಗ ಆ ಎರಡು ದಾರಿಗಳು, ಕಣ್ಣಳತೆ ಮತ್ತು ಎಣಿಕೆ, ಕೂಡುವ ಜಾಗಕ್ಕೆ ಬರೋಣ. ಒಂದು ಗೆರೆ ಎಳೆಯಿರಿ. ಎಡತುದಿಯಲ್ಲಿ ಸೊನ್ನೆ, ಬಲತುದಿಯಲ್ಲಿ ಸಾವಿರ, ನಡುವೆ ಏನೂ ಇಲ್ಲ. ಎರಡನೇ ತರಗತಿಯ ಮಗುವಿಗೆ ‘ನೂರೈವತ್ತು ಎಲ್ಲಿ ಬರುತ್ತದೆ, ಗುರುತು ಹಾಕು’ ಎನ್ನಿ. ಬಹಳಷ್ಟು ಮಕ್ಕಳು ಗೆರೆಯ ನಡುಮಧ್ಯದ ಹತ್ತಿರಕ್ಕೆ ಗುರುತು ಹಾಕುತ್ತಾರೆ. ಚಿಕ್ಕ ಸಂಖ್ಯೆಗಳು ಆರಾಮವಾಗಿ ಕಾಲು ಚಾಚಿ ಕೂತಿವೆ, ದೊಡ್ಡವು ಬಲತುದಿಯಲ್ಲಿ ಒತ್ತೊತ್ತಾಗಿ ನಿಂತಿವೆ. ನೂರಿನ್ನೂರು ಎನ್ನುವ ಅದೇ ಮನಸ್ಸು ಇಲ್ಲಿಯೂ ಕೆಲಸ ಮಾಡುತ್ತಿದೆ. ಸೀಗ್ಲರ್ ಮತ್ತು ಜಾನ್ ಆಫರ್ 2003ರಲ್ಲಿ ಕಂಡ ವಿಚಿತ್ರವೆಂದರೆ, ಸೊನ್ನೆಯಿಂದ ನೂರರ ಗೆರೆಯಲ್ಲಿ ಸಮ ಅಂತರದಲ್ಲಿ ಗುರುತು ಹಾಕಿದ ಮಗುವೇ ಸಾವಿರದ ಗೆರೆಯಲ್ಲಿ ಹೀಗೆ ಮಾಡುತ್ತದೆ. ಪರಿಚಯವಾದ ಸಂಖ್ಯೆಗಳ ಜಗತ್ತು ನೇರವಾಗಿದೆ, ಪರಿಚಯವಿಲ್ಲದ್ದು ಇನ್ನೂ ಬಾಗಿದೆ. ಆರನೇ ತರಗತಿಯ ಹೊತ್ತಿಗೆ ಸಾವಿರದ ಗೆರೆಯೂ ನೇರವಾಗಿರುತ್ತದೆ.

ನೇರಮಾಡಲು ಏನು ಮಾಡಬೇಕು? ಗೀತಾ ರಮಣಿ ಮತ್ತು ಸೀಗ್ಲರ್ 2008ರಲ್ಲಿ ಪ್ರಕಟಿಸಿದ ಉತ್ತರ ನನಗೆ ಬಹಳ ಇಷ್ಟ, ಏಕೆಂದರೆ ಅದಕ್ಕೆ ಹೆಚ್ಚೇನೂ ಬೇಕಾಗಿಲ್ಲ. ಒಂದು ಉದ್ದ ಹಲಗೆಯ ಮೇಲೆ ಒಂದರಿಂದ ಹತ್ತರವರೆಗೆ ಸಾಲು ಮನೆಗಳು. ಕಾಯಿ ನಡೆಸುವ ಆಟ. ಎರಡು ವಾರದಲ್ಲಿ ನಾಲ್ಕು ಸಲ, ಪ್ರತಿ ಸಲವೂ ಇಪ್ಪತ್ತು ನಿಮಿಷದೊಳಗೆ. ಆಡಿದ ಪುಟ್ಟ ಮಕ್ಕಳ ಅಂದಾಜು ಸುಧಾರಿಸಿತು, ಒಂಬತ್ತು ವಾರಗಳ ನಂತರವೂ ಉಳಿದಿತ್ತು. ಅಂಕಿಗಳ ಬದಲು ಬರೀ ಬಣ್ಣದ ಮನೆಗಳಿದ್ದ ಹಲಗೆಯಲ್ಲಿ ಆಡಿದವರಿಗೆ ಆ ಲಾಭ ಸಿಗಲಿಲ್ಲ. ಎಂಟನೇ ಮನೆ ತಲುಪುವ ಹೊತ್ತಿಗೆ ನಾಲ್ಕನೆಯದಕ್ಕಿಂತ ಇಮ್ಮಡಿ ದೂರ ಕೈ ಚಲಿಸಿದೆ, ಇಮ್ಮಡಿ ಮಾತು ಬಾಯಿಂದ ಬಂದಿದೆ, ಇಮ್ಮಡಿ ಹೊತ್ತು ಹಿಡಿದಿದೆ. ಒಂದು ಕಿವಿಮಾತು: ನಾಲ್ಕರ ಮನೆಯಲ್ಲಿದ್ದು ಎರಡು ಬಿದ್ದರೆ ಮಗು ‘ಒಂದು, ಎರಡು’ ಎನ್ನದೆ ‘ಐದು, ಆರು’ ಎಂದು ಹೇಳುತ್ತಾ ನಡೆಸಲಿ. ಆಟದ ಸತ್ವವೆಲ್ಲ ಅಲ್ಲಿದೆ.

ಶಾಲೆಯಲ್ಲಿ ಅಂದಾಜಿಗೆ ಸಿಗುವ ಮರ್ಯಾದೆ ಕಡಿಮೆ. 48 ಮತ್ತು 27 ಕೂಡಿದರೆ ಸುಮಾರು ಎಷ್ಟು ಎಂದು ಕೇಳಿದರೆ, ಮಕ್ಕಳು ಗುಟ್ಟಾಗಿ 75 ಎಂದು ಲೆಕ್ಕ ಮಾಡಿ, ಅದನ್ನು ಬೇಕೆಂದೇ ಸ್ವಲ್ಪ ಕೆಡಿಸಿ 80 ಎಂದು ಬರೆಯುತ್ತಾರೆ. ತಪ್ಪು ಅವರದ್ದಲ್ಲ, ಸರಿಯುತ್ತರ ಒಂದೇ ಇರುತ್ತದೆ ಎಂದು ಕಲಿಸಿದವರು ನಾವು. ಇದರ ಬೆಲೆ ಎಷ್ಟೆಂದು 1978ರ ಸುಮಾರಿಗೆ ಅಮೆರಿಕದಲ್ಲಿ ನಡೆದ ರಾಷ್ಟ್ರಮಟ್ಟದ ಪರೀಕ್ಷೆಯೊಂದು ತೋರಿಸಿತು. ಹದಿಮೂರರಲ್ಲಿ ಹನ್ನೆರಡು ಪಾಲು, ಎಂಟರಲ್ಲಿ ಏಳು ಪಾಲು, ಎರಡೂ ಕೂಡಿದರೆ ಸುಮಾರು ಎಷ್ಟು? ಲೆಕ್ಕ ಮಾಡಬೇಡಿ, ಆರಿಸಿ: ಒಂದು, ಎರಡು, ಹತ್ತೊಂಬತ್ತು, ಇಪ್ಪತ್ತೊಂದು. ಎರಡೂ ಭಿನ್ನರಾಶಿಗಳು ಒಂದಕ್ಕೆ ತುಸು ಕಡಿಮೆ, ಆದ್ದರಿಂದ ಉತ್ತರ ಸುಮಾರು ಎರಡು. ಹದಿಮೂರು ವರ್ಷದವರಲ್ಲಿ ಹಾಗೆಂದವರು ಶೇಕಡಾ 24 ಮಾತ್ರ. ಅರ್ಧಕ್ಕೂ ಹೆಚ್ಚು ಮಕ್ಕಳು ಹತ್ತೊಂಬತ್ತು ಅಥವಾ ಇಪ್ಪತ್ತೊಂದು ಎಂದರು. ಮೇಲಿನ ಅಂಕಿಗಳನ್ನು ಕೂಡಿದರೆ ಹತ್ತೊಂಬತ್ತು, ಕೆಳಗಿನವನ್ನು ಕೂಡಿದರೆ ಇಪ್ಪತ್ತೊಂದು! ಕೈಗೆ ಕೂಡುವುದು ಗೊತ್ತಿತ್ತು, ಕಣ್ಣು ಮಾತ್ರ ಎಲ್ಲೋ ದಾರಿಯಲ್ಲಿ ಮುಚ್ಚಿಕೊಂಡಿತ್ತು.

ಕೊನೆಗೆ ಒಂದು ಸಂಗತಿ. ಆರು ವರ್ಷದ ಹುಡುಗನೊಬ್ಬನ ಮುಂದೆ ಮಣಿ ತುಂಬಿದ ಗಾಜಿನ ಲೋಟ ಇಟ್ಟು, ಎಷ್ಟಿರಬಹುದು ಎಂದೆ. ‘ಸಾವಿರ’ ಎಂದ, ತಡಮಾಡದೆ. ನಾನು ಹತ್ತು ಮಣಿ ತೆಗೆದು ಪಕ್ಕದಲ್ಲಿ ಗುಡ್ಡೆ ಹಾಕಿದೆ. ಗುಡ್ಡೆ ನೋಡಿದ, ಲೋಟ ನೋಡಿದ, ಮತ್ತೆ ಗುಡ್ಡೆ ನೋಡಿದ. ತುಟಿ ಅಲುಗುತ್ತಿತ್ತು. ‘ಅರವತ್ತು’ ಎಂದ. ಇಬ್ಬರೂ ಕೂತು ಎಣಿಸಿದೆವು, ಐವತ್ತಮೂರು ಇದ್ದವು. ಮಾರನೆಯ ದಿನ ಬೇರೊಂದು ಲೋಟ, ಬೇರೆ ಮಣಿಗಳು, ಸ್ವಲ್ಪ ದಪ್ಪನೆಯವು. ಎಷ್ಟಿರಬಹುದು ಎಂದು ಕೇಳಿದೆ. ಅವನು ಬಾಯಿ ಬಿಡಲಿಲ್ಲ. ಲೋಟದೊಳಗೆ ಕೈ ಹಾಕಿ ಹತ್ತು ಮಣಿಗಳನ್ನು ಎಣಿಸಿ ಹೊರಗೆ ಹಾಕಿ, ‘ಈಗ ಕೇಳಿ’ ಎಂದ.

ನಮಸ್ಕಾರ.