ಎರಡು ಬೆರಳ ಮೇಲೆ ವಿಮಾನ

ನಮಸ್ಕಾರ. ಪುಟ್ಟ ವಿಮಾನ ಕಟ್ಟುವ ಹುಚ್ಚು ಹತ್ತಿ ನನಗೆ ಐವತ್ತು ವರ್ಷ ದಾಟಿತು. ಮನೆಗೆ ಬರುವ ಮಕ್ಕಳೆಲ್ಲ ಮೊದಲು ಕೇಳುವುದು ಒಂದೇ, “ಅಂಕಲ್, ಯಾವ ಮೋಟಾರ್ ಹಾಕಬೇಕು?” ಮೋಟಾರ್ ಆಮೇಲೆ ಮಕ್ಕಳೇ. ಮೊದಲು ತೂಕ ನೋಡಿ. ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಗಲವನ್ನು ಮೂರು ಪಾಲು ಮಾಡಿ. ಮುಂದಿನ ಅಂಚಿನಿಂದ ಮೊದಲ ಪಾಲು ಮುಗಿಯುವಲ್ಲಿ, ಕೆಳಗೆ ಎರಡು ಬೆರಳಿಟ್ಟು ಎತ್ತಿ. ವಿಮಾನ ಮಟ್ಟವಾಗಿ ನಿಲ್ಲಬೇಕು.

ನಾನು ಇದನ್ನು ಕಲಿತದ್ದು ಹೈಸ್ಕೂಲಿನಲ್ಲಿ. ಎನ್‌ಸಿಸಿ ಏರ್ ವಿಂಗ್ ಸೇರಿದ್ದೆ. ಮನೆ ಬೆಂಗಳೂರಿನ ಎಚ್‌ಎಎಲ್ ವಿಮಾನ ಕಾರ್ಖಾನೆ ಹತ್ತಿರ. ಮಾರುತ್ ಯುದ್ಧವಿಮಾನ ತಲೆಯ ಮೇಲೆ ಹಾದುಹೋದರೆ ಅಡುಗೆಮನೆಯ ಪಾತ್ರೆ ಗಡಗಡ ಅನ್ನುತ್ತಿದ್ದವು. ಎರಡು ವಾರ ಕೂತು ಬಾಲ್ಸಾ ಎಂಬ ಹಗುರ ಮರದ ಹಲಗೆಯಲ್ಲಿ ಗ್ಲೈಡರ್, ಅಂದರೆ ಮೋಟಾರ್ ಇಲ್ಲದ ವಿಮಾನ, ಮಾಡಿದೆ. ಬ್ಲೇಡು, ಉಪ್ಪುಕಾಗದ, ಅಂಟು, ಅಷ್ಟೇ. ಚೆಂದ ಕಾಣಲಿ ಎಂದು ಬಾಲಕ್ಕೆ ಎರಡು ಸಲ ಕೆಂಪು ಬಣ್ಣ ಬಳಿದೆ. ಎಸೆದೆ. ಮೂತಿ ಎತ್ತಿತು, ಗಾಳಿಯಲ್ಲಿ ಒಂದು ಗಳಿಗೆ ನಿಂತಿತು, ದೊಪ್ಪನೆ ಬಿತ್ತು. ಇನ್ನೂ ಜೋರಾಗಿ ಎಸೆದೆ. ಇನ್ನೂ ಜೋರಾಗಿ ಬಿತ್ತು. ಮೂರನೇ ಸಲ ರೆಕ್ಕೆ ಮುರಿಯಿತು. ಅಳು ಬಂತು.

ಪಕ್ಕದ ಮನೆಯ ತಾತ ಬಡಗಿ. ಎಲ್ಲ ನೋಡುತ್ತಿದ್ದರು. ರೆಕ್ಕೆ ಅಂಟಿಸಿ, “ಒಣಗಲಿ, ನಾಳೆ ಬಾ” ಎಂದರು. ಮರುದಿನ ವಿಮಾನವನ್ನು ಎರಡು ಬೆರಳ ಮೇಲೆ ಇಟ್ಟರು. ಬಾಲ ಜೋತುಬಿತ್ತು. “ನೋಡಪ್ಪಾ, ಹಿಂದೆ ಭಾರ” ಎಂದರು. ಮೂತಿಗೆ ಕಡಲೆಕಾಳಿನಷ್ಟು ಜೇಡಿಮಣ್ಣು ಮೆತ್ತಿದರು. ಸಾಲಲಿಲ್ಲ. ಇನ್ನೊಂದು ಕಾಳಿನಷ್ಟು. ಮಟ್ಟ ಬಂತು. “ಈಗ ಮೆಲ್ಲಗೆ ಬಿಡು.” ಬಿಟ್ಟೆ. ರಾಗಿ ಹೊಲದ ಮೇಲೆ ತೇಲಿಕೊಂಡೇ ಹೋಯಿತು. ಹಿಂದೆ ನಾನು, ನನ್ನ ಹಿಂದೆ ಬೀದಿಯ ಹುಡುಗರೆಲ್ಲ.

ಬಾಲ ರೆಕ್ಕೆಯಿಂದ ದೂರ ಇರುತ್ತದೆ, ಅಲ್ವಾ? ಹಾಗಾಗಿ ಅಲ್ಲಿ ಒಂದು ಗ್ರಾಂ ಹೆಚ್ಚಾದರೂ ತಕ್ಕಡಿ ಕೋಲಿನ ತುದಿಯಲ್ಲಿ ಇಟ್ಟ ಹಾಗೆ ಜಾಸ್ತಿ ಎಳೆಯುತ್ತದೆ. ಮೂತಿ ಏಳುತ್ತದೆ, ವೇಗ ಇಳಿಯುತ್ತದೆ, ರೆಕ್ಕೆ ಹೊರಲಾರದೆ ಕೈಬಿಡುತ್ತದೆ. 1871ರಲ್ಲಿ ಪ್ಯಾರಿಸ್ಸಿನಲ್ಲಿ ಅಲ್ಫೋನ್ಸ್ ಪೆನೊ ರಬ್ಬರ್ ತಿರುಚಿ ಹಾರಿಸಿದ ಪುಟ್ಟ ವಿಮಾನ 11 ಸೆಕೆಂಡು ತಾನಾಗಿ ಹಾರಿತು. ಅವರೂ ಸಮತೋಲ ಸಾಧಿಸಿಯೇ ಗೆದ್ದದ್ದು.

ತಂತಿ ಹಿಡಿದು ಸುತ್ತ ಹಾರಿಸುವ ಕಂಟ್ರೋಲ್ ಲೈನ್, ರೇಡಿಯೊ ಕಂಟ್ರೋಲ್ ಎರಡೂ ಹೇಳಬೇಕಿತ್ತು. ಸಮಯ ಮುಗಿಯುತ್ತಾ ಬಂತು. ಅವಕ್ಕೂ ಮೊದಲು ತೂಕವೇ, ಇಷ್ಟು ನೆನಪಿಡಿ. ಬಾಲ್ಸಾ ಸಿಗದಿದ್ದರೆ ಥರ್ಮೋಕೋಲ್ ಆಗುತ್ತದೆ. ಅದಕ್ಕೆ ಫೆವಿಕಾಲ್ ಹಚ್ಚಿ, ಘಾಟು ವಾಸನೆಯ ಅಂಟು ಅದನ್ನು ಕರಗಿಸುತ್ತದೆ. ಕರೆಂಟ್ ತಂತಿ ಇಲ್ಲದ ಬಯಲಿಗೆ ಹೋಗಿ, ಗಾಳಿಗೆ ಎದುರಾಗಿ ಬಿಡಿ. ಜೇಬಿನಲ್ಲಿ ಒಂದು ಉಂಡೆ ಜೇಡಿಮಣ್ಣು ಇರಲಿ. ನಮಸ್ಕಾರ.